ಕೊರಕಲಿಗೆ ಆರು ಮಂದಿ

ಬಂಡೆಗಳ ನಡುವಿನ ಇಕ್ಕಟ್ಟು ಕೊರಕಲನ್ನು ಪ್ರವಾಸಿಗರಿಗೆ ತೋರಿಸುವ ಪರವಾನಗಿಗಾಗಿ ಅರ್ವೀನಾ ಕಾಗದದ ಮೇಲೆ ಎಲ್ಲವನ್ನೂ ಬರೆದಿದ್ದಳು. ಒಂದು ಸಲಕ್ಕೆ ಆರು ಮಂದಿ, ಏಳನೆಯವನಿಲ್ಲ. ಬೆಳಗ್ಗೆ ಹತ್ತಕ್ಕೆ ಹೊರಟರೆ, ಹನ್ನೊಂದಕ್ಕೆ ಕೊರಕಲಿನೊಳಗೆ ಬಿಸಿಲಿನ ಕೋಲು ಇಳಿಯುವಾಗ ಸರಿಯಾಗಿ ಅಲ್ಲಿರಬಹುದು. ಚೀಲಗಳು ಹೊರಗೇ ಇರಬೇಕು. ದಕ್ಷಿಣದಲ್ಲಿ ಅಂಗೈಯಗಲ ಕರಿಮೋಡ ಕಂಡರೂ ಅಂದಿನ ಭೇಟಿ ರದ್ದು, ಯಾರು ಎಷ್ಟು ಗೋಗರೆದರೂ ಅಷ್ಟೇ. ಇಷ್ಟೆಲ್ಲ ಬರೆದವಳಿಗೆ ಕಾಗದದ ಕೊನೆಯಲ್ಲಿ ಬೇಕಾಗಿದ್ದ ಒಂದೇ ಒಂದು ಹೆಬ್ಬೆಟ್ಟಿನ ಗುರುತು ಮಾತ್ರ ಸಿಕ್ಕಿರಲಿಲ್ಲ.

ಆ ಹೆಬ್ಬೆಟ್ಟು ಅವಳ ತಾಯಿಯ ತಾಯಿ ಝಾನಿ ಅಜ್ಜಿಯದು. ಕೊರಕಲಿನ ಸುತ್ತಲಿನ ಮೇವಿನ ನೆಲ ಅಜ್ಜಿಯ ಹೆಸರಿನಲ್ಲಿದೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊಗಳ ನಾಡಿನಲ್ಲಿ ಕುರಿ ಮೇಯಿಸುವ ಅಜ್ಜಿ ಬೇಡವೆಂದರೆ ಕಚೇರಿಗೆ ಕಚೇರಿಯೇ ಎದ್ದು ಬಂದರೂ ಏನೂ ನಡೆಯುವುದಿಲ್ಲ. ಕಾಗದ ಸೋಮವಾರದೊಳಗೆ ಕಚೇರಿಗೆ ಮುಟ್ಟದಿದ್ದರೆ ಅರ್ವೀನಾ ಮತ್ತೆ ಪೇಟೆಯ ಹೋಟೆಲಿಗೆ ಹೋಗಿ ಕಂಡವರ ಹಾಸಿಗೆಯ ಬಟ್ಟೆ ಬದಲಿಸಬೇಕು. ನಾಲ್ಕು ತಿಂಗಳ ಕೂಸು ಶಾಂಡೀನ್ ದಿನವಿಡೀ ಬೇರೆಯವರ ಮಡಿಲಲ್ಲಿ ಬೆಳೆಯಬೇಕು.

ಅಜ್ಜಿಯದು ಎರಡು ವರ್ಷದಿಂದ ಒಂದೇ ರಾಗ. "ಅದು ನಿನ್ ಮನೆಯಾ? ನೀರು ಕೊರೆದು ಕಟ್ಟಿರೋ ಮನೆ ಅದು. ಇನ್ನೊಬ್ಬರ ಮನೆಗೆ ನಾವು ನೆಂಟರನ್ನ ಕರೆಯೋದಾ? ಅದೇ ಕರೀಲಿ, ಆಮೇಲೆ ನೋಡೋಣ."

ಬಂಡೆ ಎಂದಾದರೂ ನೆಂಟರನ್ನು ಕರೆಯುವುದುಂಟೇ! ಅಜ್ಜಿ ಬೇಡವೆನ್ನುವುದಕ್ಕೆ ಇಂಥ ಚೆಂದದ ದಾರಿ ಹುಡುಕಿಕೊಂಡಿದ್ದಾಳೆಂದೇ ಅರ್ವೀನಾ ತಿಳಿದಿದ್ದಳು.

ಆದರೂ ಶನಿವಾರ ಬೆಳಗ್ಗೆ ಅಜ್ಜಿ ತಾನಾಗಿಯೇ ಬಂದು ಟ್ರಕ್ ಹತ್ತಿದಳು. "ಬಂದು ನೋಡ್ತೀನಿ. ನೋಡೋದಕ್ಕೂ ಒಪ್ಪೋದಕ್ಕೂ ಸಂಬಂಧ ಇಲ್ಲ," ಎಂದು ಮೊದಲೇ ಹೇಳಿದಳು. ಟ್ರಕ್ ಓಡಿಸಿದವನು ಅರ್ವೀನಾಳ ತಮ್ಮ ಹೋಸ್ಕೀ. ಪರೀಕ್ಷೆಗೆಂದು ಅವನು ಪ್ರವಾಸಿಯ ಪಾತ್ರ ವಹಿಸಬೇಕಿತ್ತು.

"ಆರು ಮಂದಿ ಅಂದೆ, ಒಬ್ಬನ್ನೇ ಕರ್ಕೊಂಡ್ ಬಂದಿದೀಯಲ್ಲೇ?" ಎಂದಳು ಅಜ್ಜಿ. ಆಮೇಲೆ ಹೋಸ್ಕೀಯ ಹೊಟ್ಟೆಯತ್ತ ತುಟಿ ಚಾಚಿ ತೋರಿಸಿ, "ಓ, ಆರೂ ಮಂದಿ ಇದರೊಳಗೇ ಇದಾರೆ," ಎಂದಳು.

"ಮೇಡಂ, ಈ ಅಜ್ಜಿ ಟಿಕೆಟ್ ಜೊತೆಗೇ ಬರ್ತಾರಾ, ಬೇರೆ ಕೊಡ್ಬೇಕಾ?" ಎಂದು ಹೋಸ್ಕೀ ಪ್ರವಾಸಿಯ ದನಿಯಲ್ಲಿ ಅಕ್ಕನನ್ನು ಕೇಳಿದ.

ಕೊರಕಲಿನ ಬಾಯಲ್ಲಿ ಅಜ್ಜಿ ನಿಂತಳು. ಸೊಂಟದ ಚೀಲದಿಂದ ಒಂದು ಚಿಟಿಕೆ ಮೆಕ್ಕೆಜೋಳದ ಪರಾಗ ತೆಗೆದು, ಮೆಲ್ಲಗೆ ಏನನ್ನೋ ಹೇಳಿಕೊಂಡು ಗಾಳಿಗೆ ಬಿಟ್ಟಳು. ಅದು ಮುಗಿಯುವವರೆಗೆ ಹೋಸ್ಕೀ ಕೂಡ ಟೋಪಿ ಕಳಚಿ ಸುಮ್ಮನಿದ್ದ. ಮುಗಿದದ್ದೇ ತಡ, ಅಜ್ಜಿಯ ಪ್ರಶ್ನೆಗಳು ಶುರುವಾದವು.

"ಉಚ್ಚೆಗೆ ಎಲ್ಲಿಗ್ ಹೋಗ್ತಾರೆ?"

"ಹೊರಡೋ ಮುಂಚೆ, ಟ್ರಕ್ ನಿಲ್ಲೋ ಕಡೆ. ಬರೆದಿದೀನಿ ಅಜ್ಜಿ."

"ಒಳಗ್ ಹೋದ್ಮೇಲೆ ಬಂದ್ರೆ?"

ಅದನ್ನು ಬರೆದಿರಲಿಲ್ಲ. ಅರ್ವೀನಾ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೀಚಿಕೊಂಡಳು.

ಒಳಗೆ ಕೆಂಪು ಗೋಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತಿದ್ದವು. ತಲೆಯ ಮೇಲೆ, ಮೂರಾಳೆತ್ತರದಲ್ಲಿ, ಹಿಂದೆಂದೋ ನೆರೆ ತಂದು ಸಿಕ್ಕಿಸಿದ ಒಣ ಮರವೊಂದು ಅಡ್ಡಲಾಗಿ ನಿಂತಿತ್ತು. ಅದನ್ನು ತೋರಿಸಿ, ಮೋಡ ಕಂಡರೆ ಭೇಟಿ ಏಕೆ ರದ್ದು ಎಂದು ಬಂದವರಿಗೆ ಹೇಳಬೇಕು ಎಂದು ಅರ್ವೀನಾ ಗುರುತು ಹಾಕಿಕೊಂಡಳು. ಮೊದಲ ಇಕ್ಕಟ್ಟಿನಲ್ಲಿ ಕೂಸು ಶಾಂಡೀನಳನ್ನು ಕಟ್ಟಿ ತಂದಿದ್ದ ಹಲಗೆ ತೊಟ್ಟಿಲನ್ನು ಎದೆಗವಚಿ ಅಡ್ಡಡ್ಡ ನಡೆದಳು. ಅಜ್ಜಿ ಎಂಬತ್ತರ ಮೇಲಿನವಳು, ಆದರೂ ಮೇಕೆಮರಿಯಂತೆ ನುಸುಳಿ ಆಚೆ ಹೋದಳು. ಹೋಸ್ಕೀ ಮಾತ್ರ ತಿರುವಿನಲ್ಲೇ ಸಿಕ್ಕಿಕೊಂಡ.

"ಉಸಿರು ಬಿಡೋ!" ಎಂದು ಅರ್ವೀನಾ ಕೂಗಿದಳು.

"ಬಿಟ್ಟಿದ್ದು ಇದೇ ಅಕ್ಕ!"

ಅವನು ಬಿಡಿಸಿಕೊಳ್ಳಲೆಂದು ಕಾಯುತ್ತ ಅರ್ವೀನಾ ಬಿಸಿಲು ಬೀಳುವ ಜಾಗದಲ್ಲಿ ತೊಟ್ಟಿಲನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲೇ ಕೂತು ಕಾಗದ ಬಿಡಿಸಿದಳು. ಅಜ್ಜಿ ಬೆನ್ನು ತಿರುಗಿಸಿ ಗೋಡೆಯ ಮೇಲೆ ಯಾರಾದರೂ ಹೆಸರು ಕೆತ್ತಿದ್ದಾರೆಯೇ ಎಂದು ಹುಡುಕುತ್ತಿದ್ದಳು. ಆಗ ಮೇಲೆ ಗಾಳಿ ಬೀಸಿತು. ಅಂಚಿನಿಂದ ನೂಲಿನಷ್ಟು ತೆಳ್ಳಗೆ ಮರಳು ಜಾರಿ, ಬಿಸಿಲಿನಲ್ಲಿ ಮಿನುಗುತ್ತ ಕೂಸಿನ ಕಾಲ ಬಳಿ ಸುರಿಯಿತು. ನಿಂತಿತು. ಮತ್ತೆ ಸುರಿಯಿತು.

ಶಾಂಡೀನ್ ಕಣ್ಣರಳಿಸಿ ನೋಡಿದಳು. ಆಮೇಲೆ ಗಟ್ಟಿಯಾಗಿ, ಬಾಯ್ತುಂಬ ನಕ್ಕಳು. ಕೊರಕಲು ಆ ನಗುವನ್ನು ಎರಡೆರಡು ಸಲ ಮರಳಿ ಕೇಳಿಸಿತು.

ಅದು ಅವಳ ಮೊದಲ ನಗು. ನವಾಹೊಗಳಲ್ಲಿ ಅದು ಹುಡುಗಾಟದ ಮಾತಲ್ಲ. ನಗಿಸಿದವರು ಔತಣ ಹಾಕಲೇಬೇಕು, ಬಂದವರಿಗೆಲ್ಲ ಕೂಸಿನ ಕೈಯಿಂದ ಉಪ್ಪಿನ ಹರಳು ಕೊಡಿಸಬೇಕು. ಹಾಗೆ ಮಾಡಿದರೆ ಮಗು ಕೈಬಿಚ್ಚಿ ಕೊಡುವ ಗುಣದ್ದಾಗುತ್ತದೆ, ತಪ್ಪಿದರೆ ಜಿಪುಣತನ ಅಂಟುತ್ತದೆ. ಸೋದರಮಾವ ಹೋಸ್ಕೀ ಒಂದು ತಿಂಗಳಿಂದ ಕೂಸಿನ ಎದುರು ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದುದು ಇದೇ ಕಾರಣಕ್ಕೆ.

"ನಾನಲ್ಲ!" ತಿರುವಿನಾಚೆಯಿಂದ ಹೋಸ್ಕೀ ಕೂಗಿದ. "ನಾನಿನ್ನೂ ಅರ್ಧ ಈ ಕಡೆ ಇದೀನಿ. ನನ್ ತಲೆ ಮೇಲೆ ಗೂಬೆ ಕೂರಿಸ್ಬೇಡಿ!"

"ನಾನು ಕಾಗದ ನೋಡ್ತಿದ್ದೆ," ಎಂದಳು ಅರ್ವೀನಾ. "ಅಜ್ಜಿ, ನೀನೇನಾದ್ರೂ..."

"ನನ್ ಬೆನ್ನು ನೋಡಿ ನಗೋಕೆ ಅದೇನು ನಿನ್ ತಮ್ಮನಾ?"

ಮರಳು ಮತ್ತೊಮ್ಮೆ ಸುರಿಯಿತು. ಕೂಸು ಮತ್ತೆ ನಕ್ಕಿತು. ಅಜ್ಜಿ ತಲೆಯೆತ್ತಿ ಮೇಲಿನ ನೀಲಿ ಸೀಳನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ತಮಾಷೆಯಿರಲಿಲ್ಲ.

"ಇದೇ ನಗಿಸಿದ್ದು," ಎಂದಳು.

"ಅಂದ್ರೆ?"

"ಅಂದ್ರೇನು, ನಗಿಸಿದವರು ಊಟ ಹಾಕ್ಬೇಕು. ನಮ್ ಅಮ್ಮನ ಕಾಲದಿಂದ ನಡೆದು ಬಂದಿರೋದು. ಬಂಡೆ ಅಂತ ಬಿಟ್ಬಿಡೋಕಾಗುತ್ತಾ? ಕೂಸು ಜಿಪುಣಿ ಆದ್ರೆ ಯಾರು ಹೊಣೆ?"

ಹೋಸ್ಕೀ ಕೊನೆಗೂ ಬಿಡಿಸಿಕೊಂಡು ಬಂದ. ಅಂಗಿಯ ಎರಡು ಗುಂಡಿ ಹೋಗಿದ್ದವು. "ಬಂಡೆ ಕುರಿ ಕೊಯ್ಯುತ್ತಾ ಅಜ್ಜಿ?"

"ಕುರಿ ನೀನು ಕೊಯ್ಯಿ. ರೊಟ್ಟಿ ನಾನು ಎಣ್ಣೇಲಿ ಕರೀತೀನಿ. ಆದ್ರೆ ಊಟ ಇದರದ್ದು, ಮನೆ ಇದರದ್ದು. ಇಲ್ಲೇ, ಕೊರಕಲಿನ ಬಾಯಲ್ಲೇ ಹಾಕೋಣ."

ಅರ್ವೀನಾ ಬಾಯಿ ತೆರೆಯಲು ಹೆದರಿದಳು. ಆದರೂ ಕೇಳಿದಳು: "ಯಾರ್ಯಾರಿಗೆ ಹೇಳೋದು ಅಜ್ಜಿ?"

"ಮೊದಲ ನಗೆಯ ಊಟಕ್ಕೆ ಬಂದವರನ್ನ ಬೇಡ ಅನ್ನೋ ಹಾಗಿಲ್ಲ. ಆರು ಮಂದಿ ಅಂತ ಬಡ್ಕೋತಿದ್ಯಲ್ಲ, ಅವರೂ ಬರ್ಲಿ. ಆಮೇಲೆ ಇನ್ನಾರು ಮಂದಿ. ಒಬ್ಬೊಬ್ಬರಿಗೂ ಒಳಗ್ ಬರೋ ಮುಂಚೆ ಉಪ್ಪು ಕೊಡು. ಉಪ್ಪು ತಿಂದ ಮನೆ ಗೋಡೆ ಮೇಲೆ ಹೆಸರು ಕೆತ್ತೋಕೆ ಯಾವನಿಗಾದ್ರೂ ಕೈ ಬರುತ್ತಾ ನೋಡೋಣ."

ಅರ್ವೀನಾಳಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಎರಡು ವರ್ಷದಿಂದ ಜೇಬಿನಲ್ಲೇ ಇದ್ದ ಶಾಯಿಯ ಡಬ್ಬಿ ತೆಗೆದು ನೋಡಿದರೆ ಒಣಗಿ ಹೋಗಿತ್ತು. ಅಜ್ಜಿ ಅದಕ್ಕೆ ಎಂಜಲು ಹಚ್ಚಿ ತಿಕ್ಕಿದಳು, ಹೋಸ್ಕೀಯ ಬೆನ್ನನ್ನೇ ಮೇಜು ಮಾಡಿಕೊಂಡು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಬೆರಳನ್ನು ತನ್ನ ಲಂಗಕ್ಕಲ್ಲ, ಅವನ ಅಂಗಿಗೇ ಒರೆಸಿದಳು.

"ಬಂದವರಿಗೆ ಮೊದಲೇ ಹೇಳ್ಬಿಡು," ಎಂದಳು, ಕೂಸಿನ ಕೆನ್ನೆಯ ಮೇಲಿನ ಮರಳು ಒರೆಸುತ್ತ. "ಕರೆದಿರೋದು ನಾವಲ್ಲ ಅಂತ."