ಒಂದು ತೋಳಿಲ್ಲದ ಅಂಗಿ

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಖಾಲಿ ಇದ್ದದ್ದು ಒಂದೇ ಕೆಲಸ. ಪರೀಕ್ಷೆಗೆ ಬಂದವರು ಮೂವತ್ತೇಳು ಮಂದಿ. ನಮ್ಮ ಟೈಲರ್ ಅಂಗಡಿ ಮುಚ್ಚಿ ವರ್ಷವಾಗಿತ್ತು. ಇದೂ ತಪ್ಪಿದರೆ ನಲವತ್ತೆರಡರ ನನ್ನನ್ನು ಇನ್ಯಾರೂ ಕರೆಯುವುದಿಲ್ಲವೆಂದು ಗೊತ್ತಿತ್ತು.

ಎಲ್ಲರಿಗೂ ಒಂದೇ ಬಗೆಯ ಹತ್ತಿ ಬಟ್ಟೆ, ಒಂದೇ ಅಳತೆ ಕೊಟ್ಟರು. ಮೂರು ಗಂಟೆಯಲ್ಲಿ ರೋಗಿಯ ಅಂಗಿ ಹೊಲಿದು ಮುಗಿಸಬೇಕು. ಸುತ್ತಲೂ ಕತ್ತರಿಗಳ ಕಚಕಚ ಶುರುವಾಯಿತು. ನಾನೂ ಕತ್ತರಿ ಎತ್ತಿದೆ. ಬಟ್ಟೆಯ ಅಂಚು ಬೆರಳಿಗೆ ತಾಗಿದ್ದೇ ತಡ, ಒಳಗಿನಿಂದ ಯಾರೋ ‘ತಡಿ’ ಅಂದಂತಾಯಿತು. ಯಾಕೆಂದು ತಿಳಿಯದೆಯೇ ಕತ್ತರಿ ಕೆಳಗಿಟ್ಟೆ.

ಮೇಲ್ವಿಚಾರಕಿಯ ಬಳಿ ಹೋಗಿ, “ಮೇಡಂ, ಒಂದು ಬಕೆಟ್ ನೀರು ಸಿಗುತ್ತಾ?” ಎಂದೆ.

“ಹೊಲಿಯೋಕೆ ಬಂದ್ರೋ, ಒಗೆಯೋಕೆ ಬಂದ್ರೋ?” ಪಕ್ಕದ ಮೇಜಿನವಳು ಕಿಸಕ್ಕನೆ ನಕ್ಕಳು. ನಾನು ಬಕೆಟ್ ತುಂಬಿಸಿಕೊಂಡು ಬಂದೆ. ಬಟ್ಟೆ ನೆನೆಸಿ, ಹಿಂಡಿ, ಇಸ್ತ್ರಿಯಲ್ಲಿ ಒಣಗಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. ಸಮಯ ಮುಗಿದಾಗ ಎಲ್ಲರ ಅಂಗಿಯೂ ತಯಾರಿತ್ತು, ನನ್ನದಕ್ಕೆ ಒಂದು ತೋಳೇ ಇರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಮನೆಗೆ ಬಂದೆ. ಅಮ್ಮ ಐವತ್ತು ವರ್ಷ ಹೊಲಿದವಳು. ಈಗ ಕಣ್ಣು ಮಂದ. ಚೀಲದಲ್ಲಿದ್ದ ಉಳಿಕೆ ಚೂರನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದಳು.

“ನೆನೆಸಿಯೇ ಕತ್ತರಿಸಿದ್ದೀಯ. ಸರಿ ಬಿಡು, ಊಟ ಮಾಡು.”

ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಓರಗೆಯವರೆಲ್ಲ ಹೊರಗೆ ಆಡುತ್ತಿದ್ದರೆ, ಇವಳು ನನ್ನ ಕಣ್ಣು ಮುಚ್ಚಿಸಿ ಚಿಂದಿ ಕೈಗಿಟ್ಟು, “ಕುಗ್ಗುತ್ತೋ ಇಲ್ವೋ, ಹೇಳು” ಎನ್ನುತ್ತಿದ್ದಳು. ಎಷ್ಟು ಶಪಿಸಿದ್ದೆನೋ!

ಮೂರು ದಿನದ ಮೇಲೆ ಮೇಲ್ವಿಚಾರಕಿ ಕರೆಸಿದರು. ಆಸ್ಪತ್ರೆಯ ಬಟ್ಟೆಯೆಲ್ಲ ಕುದಿಯುವ ನೀರಿಗೆ ಬೀಳುವಂಥದು; ನಮ್ಮ ಅಂಗಿಗಳನ್ನೂ ಹಾಗೇ ಒಗೆಸಿದ್ದರಂತೆ. ಮೂವತ್ತಾರು ಅಂಗಿಗಳ ತೋಳು ಮೊಣಕೈ ಕಡೆಗೆ ಓಡಿದ್ದವು. ಬಟ್ಟೆ ಮೊದಲೇ ನೆನೆದು ಕುಗ್ಗಿದ್ದರಿಂದ ನನ್ನ ಒಂಟಿ ತೋಳಿನದು ಮಾತ್ರ ಅಳತೆಗೆ ಸರಿಯಾಗಿತ್ತು.

“ಕುಗ್ಗುತ್ತೆ ಅಂತ ಹೇಗೆ ಗೊತ್ತಾಯ್ತು?”

“ಗೊತ್ತಿರ್ಲಿಲ್ಲ ಮೇಡಂ. ಹಾಗನ್ನಿಸ್ತು.”

“ಸೋಮವಾರದಿಂದ ಬನ್ನಿ. ಮೊದಲು ಆ ಇನ್ನೊಂದು ತೋಳು ಹೊಲೀರಿ.”

ಮನೆಗೆ ಓಡಿಬಂದು ಅಮ್ಮನ ಬೆರಳುಗಳನ್ನು ಕಣ್ಣಿಗೊತ್ತಿಕೊಂಡೆ.

“ಏನೇ ಇದು?”

“ಆಗ ಆಡೋಕೆ ಬಿಡದೆ ಕೂರಿಸ್ಕೊಂಡೆಯಲ್ಲ, ಅದಕ್ಕೆ. ಕೆಲಸ ಸಿಕ್ಕಿತು ಕಣಮ್ಮ.”

“ಆಗ ನನ್ನನ್ನ ಬಾಯ್ತುಂಬ ಬೈತಿದ್ದೆ,” ಎಂದಳು ಅಮ್ಮ.

“ಬೈತಿದ್ದೆ,” ಎಂದೆ. ಹಿಡಿದ ಕೈ ಬಿಡಲು ಮನಸ್ಸಾಗಲಿಲ್ಲ.