ಮೂವತ್ತೆರಡರ ರಿಪೋರ್ಟು

“ಭಯ ಪಡೋ ಹಾಗೇನಿಲ್ಲಮ್ಮ,” ಎಂದು ಡಾಕ್ಟರು ರಿಪೋರ್ಟನ್ನು ಜಿನಶ್ರೀಯ ಕಡೆ ತಿರುಗಿಸಿಟ್ಟರು. “ಸ್ಕ್ಯಾನಿಂಗಲ್ಲಿ ಮಗುವಿನ ಕತ್ತಿನ ಹಿಂದೆ ನೀರು ಸ್ವಲ್ಪ ಜಾಸ್ತಿ ಕಂಡಿತ್ತಲ್ಲ, ಅದಕ್ಕೇ ರಕ್ತ ಕಳಿಸಿದ್ದು. ಕ್ರೋಮೋಸೋಮಿನ ತೊಂದರೆ ಇರೋ ಸಾಧ್ಯತೆ ಕಡಿಮೆ ಅಂತ ಬಂದಿದೆ. ತಾಯಿ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕ್ತಾರೆ. ಮೂವತ್ತೆರಡು ತಾನೆ? ಮೂವತ್ತೈದು ದಾಟಿದ್ರೆ ಇದೇ ರಕ್ತಕ್ಕೆ ಬೇರೆ ಉತ್ತರ ಬರ್ತಿತ್ತೋ ಏನೋ. ಆಗ ಹೊಟ್ಟೆಗೆ ಸೂಜಿ ಹಾಕಿ, ಮಗುವಿನ ಸುತ್ತ ಇರೋ ನೀರು ತೆಗೆದು ನೋಡೋಣ ಅಂತಿದ್ದೆ.”

“ಮೂವತ್ತೆರಡೇ ಸಾರ್,” ಎಂದರು ಅತ್ತೆ ಧರ್ಮಾವತಿ. ಹೋದ ವಾರ ರಕ್ತ ತೆಗೆಯುವ ನರ್ಸ್ ಕೇಳಿದಾಗಲೂ ಅವರೇ ಮುಂದೆ ಬಿದ್ದು ಹೇಳಿದ್ದರು. “ನಮ್ಮನೆ ಸೊಸೆ ವಯಸ್ಸು ನಂಗೊತ್ತಿಲ್ವೆ?”

ಜಿನಶ್ರೀ ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ಸನ್ಮತಿ ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತಿದ್ದ.

ಅವಳಿಗೆ ಮೂವತ್ತೆಂಟು. ಹಳೇಬೀಡಿನ ಆಸುಪಾಸಿನಲ್ಲಿ ಜೈನರ ಮನೆಗಳೇ ಕಡಿಮೆ. ಬಂದ ಗಂಡುಗಳೆಲ್ಲ ಒಂದೊಂದು ನೆಪ ಹೇಳಿ ಹೋದ ಮೇಲೆ ಅವಳಪ್ಪ ಜಾತಕವನ್ನು ಹೊಸದಾಗಿ ಬರೆಸಿ ಆರು ವರ್ಷ ನುಂಗಿಬಿಟ್ಟಿದ್ದರು. ಆಧಾರ್ ಕಾರ್ಡಿನ ಇಸವಿಯೂ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಮದುವೆಯಾದಂದಿನಿಂದ ಅವಳು ಕದ್ದು ಕೂದಲಿಗೆ ಬಣ್ಣ ಹಚ್ಚುತ್ತ, ಓರಗೆಯವರು ಎದುರಾದರೆ ದಾರಿ ಬದಲಿಸುತ್ತ ಬದುಕಿದ್ದಳು. ಈಗ ಮೇಜಿನ ಮೇಲಿದ್ದದ್ದು ಅವಳ ಮಗುವಿನ ಸುದ್ದಿಯಲ್ಲ. ಎಲ್ಲೂ ಇಲ್ಲದ ಯಾವಳೋ ಮೂವತ್ತೆರಡು ವರ್ಷದ ಹೆಂಗಸಿನ ಮಗುವಿನದು.

ಹೊರಗೆ ಬರುತ್ತಲೇ ಧರ್ಮಾವತಿ ಎದುರಿನ ಅರಸೀಕೆರೆ ಬಸ್‌ಸ್ಟ್ಯಾಂಡಿಗೆ ದಾಪುಗಾಲು ಹಾಕಿದರು. “ಹೊತ್ತು ಮುಳುಗೋದ್ರೊಳ್ಗೆ ಊರು ಸೇರಿ ಉಣ್ಬೇಕು. ನಾನು ಸೀಟು ಹಿಡೀತೀನಿ, ನೀನು ಮೆಲ್ಗೆ ಬಾರಮ್ಮ.”

ಜಿನಶ್ರೀ ಮೆಡಿಕಲ್ ಸ್ಟೋರಿನ ನೆರಳಿನಲ್ಲಿ ನಿಂತುಬಿಟ್ಟಳು. “ರೀ, ನಂಗೆ ಮೂವತ್ತೆರಡಲ್ಲ.”

“ಗೊತ್ತು,” ಎಂದ ಸನ್ಮತಿ. “ಹಾರನಹಳ್ಳಿ ಉಮೇಶ ನಮ್ಮಂಗ್ಡೀಗೆ ಬಕೆಟ್ ತಗಳ್ಳಕ್ ಬಂದಿದ್ದ. ‘ನಿಮ್ಮನೆಯವ್ರು ನನ್ ಕ್ಲಾಸ್‌ಮೇಟು’ ಅಂದ. ಅವನ ತಲೆ ನೋಡಿದ್ರೆ ಪೂರ್ತಿ ಬೆಳ್ಳಗಾಗೈತೆ.” ನಗಲು ನೋಡಿದ.

ಅವಳು ನಗಲಿಲ್ಲ. “ಗೊತ್ತಿದ್ದೂ ಒಳಗೆ ಸುಮ್ನೆ ಕೂತಿದ್ರಾ?”

“ನೀನೂ ಸುಮ್ನೇ ಕೂತಿದ್ಯಲ್ಲ.”

ಅವನು ದನಿ ತಗ್ಗಿಸಿದ. “ಈಗ ಬಾಯಿ ಬಿಟ್ರೆ ಅಮ್ಮ ನಿಮ್ಮಪ್ಪನ್ನ ಬೀದಿಗೆಳೀತಾಳೆ. ಅಷ್ಟಕ್ಕೂ ಸೂಜಿ ಚುಚ್ಚಿಸಿ ತಿಳ್ಕೊಂಡು ಮಾಡೋದಾದ್ರೂ ಏನು? ತೆಗೆಸ್ತೀವಾ? ಇರುವೆ ಕಂಡ್ರೆ ಕಾಲು ಎತ್ತಿಡೋ ಜನ ನಾವು.”

“ಇರುವೆಗೆ ದಾರಿ ಬಿಡ್ತೀರಿ. ಹೊಟ್ಟೇಲಿರೋದ್ರ ಮೇಲೆ ಸುಳ್ಳು ಹೇಳಿದ್ರೆ ನಡೀತದೆ.” ಜಿನಶ್ರೀ ದನಿ ಏರಿಸಲಿಲ್ಲ. “ತೆಗೆಸೋದು ಬಿಡೋದು ಆಮೇಲಿನ ಮಾತು. ಬರ್ತಿರೋದು ಎಂಥ ಮಗು ಅಂತ ಹೆರೋಳಿಗಾದ್ರೂ ಗೊತ್ತಾಗ್ಬೇಡ್ವಾ? ರಿಪೋರ್ಟ್ ಕೊಡಿ ಇಲ್ಲಿ.”

ಸನ್ಮತಿ ರಿಪೋರ್ಟು ಮಡಿಸಿಟ್ಟಿದ್ದ ಅಂಗಿಯ ಜೇಬಿನ ಮೇಲೆ ಅಂಗೈ ಇಟ್ಟುಕೊಂಡ. ತೆಗೆಯಲಿಲ್ಲ.

ಜಾವಗಲ್ ಮೇಲೆ ಹೋಗುವ ಹಳೇಬೀಡು ಬಸ್ಸಿನಿಂದ ಧರ್ಮಾವತಿ ತಲೆ ಹೊರಗೆ ಹಾಕಿ ಕೂಗಿದರು. “ಕಿಟಕಿ ಸೀಟೇ ಸಿಕ್ಕೈತೆ ಕಣಮ್ಮಾ! ಒಳ್ಳೆ ಗಾಳಿ ಬತ್ತದೆ, ಬಾ!”

ಮದುವೆಯಾದ ಮೇಲೆ ಅವರು ಇಷ್ಟು ಅಕ್ಕರೆಯಿಂದ ಕರೆದದ್ದು ಅವಳಿಗೆ ನೆನಪಿರಲಿಲ್ಲ. ಎರಡು ಹೆಜ್ಜೆ ಬಸ್ಸಿನತ್ತ ಇಟ್ಟಳು ಕೂಡ. ಆಮೇಲೆ ಕ್ಲಿನಿಕ್ಕಿನ ಕಡೆ ತಿರುಗಿದಳು.

“ಏನೇ ಮರ್ತ್ ಬಂದೆ? ಸನ್ಮತೀನ ಕಳ್ಸೇ!” ಎಂದು ಅತ್ತೆ ಕೂಗುತ್ತಲೇ ಇದ್ದರು. ಕಂಡಕ್ಟರ್ ಸೀಟಿ ಊದಿದ. ಹಿಂದೆ ಯಾರ ಹೆಜ್ಜೆಯೂ ಕೇಳಿಸಲಿಲ್ಲ.

ಮಧ್ಯಾಹ್ನದ ಸರದಿ ಮುಗಿಸಿ ನರ್ಸ್ ಆಗಲೇ ಶಟರನ್ನು ಅರ್ಧಕ್ಕೆ ಎಳೆದಿದ್ದಳು. ಒಳಗೆ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿತ್ತು. ಜಿನಶ್ರೀ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದನ್ನು ಕಾದ ತಗಡಿಗೆ ಆನಿಸಿ, ಬಗ್ಗಿ ಒಳಗೆ ನುಸುಳಿದಳು.