ಕೋಳಿ ಕಾವಿನ ಗೌಜಲ

ನಾನು ಒಂದು ಗೌಜಲ ಹಕ್ಕಿ. ಕುರುಚಲು ಅಡವಿಯಲ್ಲಿ ಓಡಾಡಬೇಕಾದ ಜಾತಿ ನಮ್ಮದು. ಆದರೆ ನಾನು ಅಡವಿಯನ್ನು ನೋಡಿದ್ದೆಲ್ಲ ಪಂಜರದ ಕಡ್ಡಿಗಳ ಸಂದಿಯಿಂದ. ನನ್ನ ಬಾಳಿನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹುಟ್ಟುವುದಕ್ಕೂ ಮುಂಚೆಯೇ ಹೆದರಿದವನು ನಾನು.

ಇನ್ನೂ ಮೊಟ್ಟೆಯೊಳಗಿದ್ದೆ. ನೆಲ ಅದುರಿತು. ಶೇಂಗಾ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು. ಎತ್ತುಗಳ ಗೊರಸು ಹತ್ತಿರ ಬಂದಂತೆ ನಮ್ಮ ಮೇಲಿದ್ದ ಬೆಚ್ಚಗಿನ ಭಾರ ಪುರ್ರನೆ ಎದ್ದು ಹೋಯಿತು. ಅದು ನನ್ನ ತಾಯಿ. ಮತ್ತೆ ಬರಲಿಲ್ಲ. ಚಿಪ್ಪು ತಣ್ಣಗಾಗತೊಡಗಿತು. ತಣ್ಣಗಾಗುವುದೆಂದರೆ ಏನೆಂದು ಮೊಟ್ಟೆಗೆ ಯಾರೂ ಕಲಿಸಬೇಕಾಗಿಲ್ಲ. ಅಷ್ಟರಲ್ಲಿ ಒಂದು ಕೈ ಬಂದು ನಮ್ಮ ಐದು ಮೊಟ್ಟೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡಿತು. ಆ ಹೊಲದ ಒಡತಿ ಗಾದ್ರಮ್ಮನ ಕೈ.

ಊರಿಗೆ ಬೇನೆ ಬಂದು, ದಾರಿಗೆಲ್ಲ ಮುಳ್ಳು ಹಾಕಿದ್ದ ವರ್ಷವಂತೆ ಅದು. ಅಂಗಡಿ ಬಾಗಿಲು ಮುಚ್ಚಿತ್ತು. ಹನ್ನೊಂದು ದಿನ ಗಾದ್ರಮ್ಮನ ಒಲೆಯ ಮೇಲೆ ಅಣ್ಣೆಸೊಪ್ಪು ಬಿಟ್ಟು ಬೇರೇನೂ ಬೇಯಲಿಲ್ಲ. ಹನ್ನೆರಡನೆಯ ದಿನ ಅವಳ ಗಂಡ ಪಾಲಯ್ಯ ಬೋರೇದೇವರ ಮುಂದೆ ನಿಂತು ಹರಕೆ ಹೊತ್ತ: "ಇನ್ಮೇಲೆ ನಾವು ಉಣ್ಣೋದು ನಮ್ಮ ಹೊಲದ್ದು, ಹಿತ್ಲುದ್ದು, ಇಲ್ಲಾಂದ್ರೆ ಅಡವೀದು. ಉಪ್ಪೊಂದು ಬಿಟ್ಟು ಅಂಗ್ಡಿ ಮೆಟ್ಲು ಹತ್ತಲ್ಲ ಸ್ವಾಮಿ."

ಹಾಗೆ ಬದುಕಲು ಹೊರಟವರು ಯಾರೇ ಆಗಲಿ, ಮೊದಲು ನಾಲ್ಕು ಕೋಳಿ ಸಾಕುತ್ತಾರೆ. ಪಾಲಯ್ಯನ ಕುಲದಲ್ಲಿ ಅದು ಆಗದ ಮಾತು. ಅವರಿಗೆ ಕೋಳಿ ಎಂದರೆ ಮೈಲಿಗೆ. ಸಾಕುವಂತಿಲ್ಲ, ತಿನ್ನುವಂತಿಲ್ಲ, ತಪ್ಪಿ ಹೊಸ್ತಿಲು ದಾಟಿ ಬಂದರೂ ಮನೆ ತೊಳೆಯಬೇಕು. ಗೌಜಲ ಹಾಗಲ್ಲ. ಅದು ಅಡವಿಯದು, ದೇವರು ಕೊಟ್ಟದ್ದು. ಆದರೆ ಗೌಜಲ ಹಿಡಿಯಲು ದೀವದ ಹಕ್ಕಿ ಬೇಕು. ಪಂಜರದಲ್ಲಿ ಕೂತು ಕೂಗಿ, ತನ್ನ ಜಾತಿಯವರನ್ನೇ ಉರುಲಿನ ಹತ್ತಿರ ಕರೆಯುವ ಸಾಕಿದ ಹಕ್ಕಿ ಅದು. ಅಂಥದೊಂದು ಮರಿ ಸಿಕ್ಕರೆ ಸಾಕೆಂದು ಪಾಲಯ್ಯ ಹಂಬಲಿಸುತ್ತಿದ್ದ.

ಗಾದ್ರಮ್ಮ ಸೆರಗಿನ ಗಂಟು ಹಿಡಿದು ನೇರವಾಗಿ ಪಕ್ಕದ ಮನೆಗೆ ಹೋದಳು. ಅಲ್ಲಿ ಹಾಸಿಗೆ ಹೊಲಿಯುವ ಹುಸೇನಮ್ಮ ಇದ್ದಳು. ಅವಳ ಕೆಂಪು ಹೇಂಟೆ ಬುಟ್ಟಿಯಲ್ಲಿ ಕಾವು ಕೂತಿತ್ತು.

"ಅಕ್ಕಾ, ಇವನ್ನೂ ನಿನ್ ಕೋಳಿ ಅಡೀಗೆ ಇಡು. ಇನ್ನೂ ಬೆಚ್ಚಗವೆ."

"ನಿಮ್ಮತ್ತೆಗೆ ಗೊತ್ತಾದ್ರೆ ನಿನ್ನೂ ಇದೇ ಬುಟ್ಟಿ ಅಡೀಗೆ ಹಾಕಿ ಮುಚ್ತಾಳೆ ನೋಡು!"

"ನೀನು ಹೇಳ್ಬ್ಯಾಡ, ನಾನೂ ಹೇಳಲ್ಲ. ಮೊಟ್ಟೆಗೇನು ಬಾಯಿ ಐತಾ?"

ಬಾಯಿ ಇತ್ತು. ಒಳಗೆ ಇನ್ನೂ ಮೂಡುತ್ತಿತ್ತು, ಅಷ್ಟೇ.

ಹದಿನೆಂಟು ದಿನಕ್ಕೆ ಮೂರು ಚಿಪ್ಪು ಒಡೆದವು. ಕಣ್ಣು ಬಿಟ್ಟಾಗ ನಾನು ಕಂಡ ಮೊದಲ ಮುಖ ಆ ಕೆಂಪು ಕೋಳಿಯದು. ಅವಳೇ ನನ್ನ ತಾಯಿ. ಗೆದ್ದಲು ಸಿಕ್ಕರೆ "ಕೊಕ್ ಕೊಕ್" ಎಂದು ಗಂಟಲೊಳಗೇ ಕರೆಯುತ್ತಿದ್ದಳು. ಮೇಲೆ ಹದ್ದು ಸುಳಿದರೆ ಒಂದೇ ಒಂದು ಎಳೆದ ಸ್ವರ. ನಾವು ಅವಳ ರೆಕ್ಕೆಯಡಿ ಮಾಯ. ತಂಗಿಯನ್ನು ಬೆಕ್ಕು ಒಯ್ದಿತು. ಅಣ್ಣ ಒಂದು ಮುಂಜಾನೆ ಬೇಲಿಯ ಸಂದಿಯಲ್ಲಿ ನುಸುಳಿ ಗುಡ್ಡದ ಕಡೆ ಓಡಿಹೋದ. ನನಗೆ ಓಡಲೂ ಹೆದರಿಕೆ. ಹಾಗಾಗಿ ನಾನೊಬ್ಬನೇ ಗಾದ್ರಮ್ಮನ ಪುಟ್ಟಿಯಲ್ಲಿ ಕೂತು ಅವಳ ಮನೆಗೆ ಹೋದೆ.

"ಹೊಲದಾಗೆ ಸಿಕ್ತು ಅತ್ತೆ," ಎಂದಳು ಗಾದ್ರಮ್ಮ.

ಅತ್ತೆ ಓಬಜ್ಜಿ ಬಗ್ಗಿ ನೋಡಿದಳು. ಮೊದಲು ಊರುಗೋಲು ಕಂಡಿತು, ಆಮೇಲೆ ಸುಕ್ಕುಗಟ್ಟಿದ ಪಾದ, ಕೊನೆಗೆ ಕಣ್ಣು. "ಇದ್ಯಾಕೆ ಹಿಂಗೆ ಕೆದರ್ತೈತೆ? ಥೇಟ್ ಕೋಳಿ ಕೆದರಿದಂಗೆ!"

"ಗೌಜಲವೂ ಕೆದರ್ತಾವೆ ಅತ್ತೆ."

ಗಾದ್ರಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, ಮತ್ತೆ ಕೆದರದಂತೆ ಒತ್ತಿ ಹಿಡಿದಳು. ಅಂದಿನಿಂದ ನಾವಿಬ್ಬರೂ ಒಂದೇ ಹೆದರಿಕೆಯನ್ನು ಹಂಚಿಕೊಂಡು ಬದುಕಿದೆವು. ನಾನು ನೆಲ ಕೆದರಿದಾಗಲೆಲ್ಲ ಅವಳು ಅತ್ತೆಯ ಮುಖ ನೋಡುತ್ತಿದ್ದಳು.

ಪಾಲಯ್ಯ ನನಗೊಂದು ಪಂಜರ ಹೆಣೆದು ದೇವರ ಗೂಡಿನ ಕೆಳಗೆ ತೂಗುಹಾಕಿದ. ಅಲ್ಲಿಂದ ಆ ಮನೆ ಎದ್ದು ನಿಂತದ್ದನ್ನು ಕಂಡೆ. ಬೇಲಿಗೆ ಅವರೆ ಹಬ್ಬಿತು, ಸೂರಿಗೆ ಸೋರೆ ಏರಿತು. ನವಣೆ, ಸಜ್ಜೆ, ಶೇಂಗಾ ಒಳಗೆ ಬಂದವು. ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕಿತು. ಆಗಾಗ ಬಲೆಯಲ್ಲಿ ಮೊಲ ಬಿದ್ದು ಬರುತ್ತಿತ್ತು. ಬರುವ ಪ್ರತಿಯೊಂದಕ್ಕೂ ಮೂವರೂ ಕೈಮುಗಿದೇ ಒಲೆಗೆ ಏರಿಸುತ್ತಿದ್ದರು. ಒಳ್ಳೆಯ ಜನ. ಆ ಒಳ್ಳೆಯ ಜನರ ಕೈಯಲ್ಲಿ ನಾನು ಕೊಲೆಗೆ ಕರೆಯುವ ಬಾಯಿಯಾದೆ.

ಬೆಳಕು ಹರಿಯುವ ಮುಂಚೆ ಪಾಲಯ್ಯ ಪಂಜರಕ್ಕೆ ಬಟ್ಟೆ ಹೊದಿಸಿ ಗುಡ್ಡದ ಬುಡಕ್ಕೆ ಒಯ್ಯುತ್ತಿದ್ದ. ನೆಲದ ಮೇಲಿಟ್ಟು, ಸುತ್ತ ಕುದುರೆಬಾಲದ ಕೂದಲಿನ ಉರುಲು ಊರಿ, ತಂಗಡಿ ಗಿಡದ ಹಿಂದೆ ಕೂರುತ್ತಿದ್ದ. ಬಟ್ಟೆ ಸರಿಯುತ್ತಿದ್ದಂತೆ ಅಷ್ಟಗಲ ಆಕಾಶ! ಹದ್ದಿನದೇ ಆಕಾಶ. ರೆಕ್ಕೆಯಡಿ ಸೇರಿಸಿಕೊಳ್ಳುವ ಕೆಂಪು ತಾಯಿ ಇಲ್ಲ. ಎದೆ ಒಡೆದು ಹೋಗುತ್ತದೆ ಅನಿಸಿ ನಾನು ಕಿರುಚುತ್ತಿದ್ದೆ: "ಕಿತೀತ್ತರ್! ಕಿತೀತ್ತರ್!"

ಅದು ಹೆದರಿಕೆಯ ಕೂಗು. ಗುಡ್ಡದ ಗಂಡುಗಳಿಗೆ ಅದು ಕಾಳಗಕ್ಕೆ ಕರೆದಂತೆ ಕೇಳುತ್ತಿತ್ತು. ಕತ್ತು ನಿಗುರಿಸಿ ಓಡಿ ಬಂದು ಉರುಲಿಗೆ ಕಾಲು ಕೊಡುತ್ತಿದ್ದವು. "ಎಂಥಾ ಗುಂಡಿಗೆಲಾ ನಿಂದು!" ಎಂದು ಪಾಲಯ್ಯ ನನ್ನನ್ನು ಹೊಗಳುತ್ತಿದ್ದ. ಋತುವಿನ ಮೊದಲ ಹಕ್ಕಿಯನ್ನು ಕಣ್ಣಿಗೊತ್ತಿಕೊಂಡು ಹಾರಿಬಿಡುತ್ತಿದ್ದ. ಹೆಣ್ಣು ಸಿಕ್ಕರೆ ಬಿಡುತ್ತಿದ್ದ. ಮೊಟ್ಟೆ ಇಡುವ ತಿಂಗಳಲ್ಲಿ ಉರುಲನ್ನು ಮುಟ್ಟುತ್ತಿರಲಿಲ್ಲ. ಉಳಿದವು ನನ್ನ ಕಣ್ಣೆದುರೇ ಚೀಲಕ್ಕೆ ಸೇರುತ್ತಿದ್ದವು.

ಹೀಗೆ ಆರು ವರ್ಷ.

ಆರನೆಯ ವರ್ಷದ ಕೊನೆಗೆ ಒಂದು ಮುಂಜಾನೆ ಒಬ್ಬ ಮುದಿ ಗಂಡು ಬಂದ. ಉಳಿದವರಂತೆ ಓಡಿ ಬರಲಿಲ್ಲ. ನಿಂತು ನಿಂತು, ತಲೆ ವಾಲಿಸಿ ನನ್ನನ್ನು ನೋಡುತ್ತಾ ಬಂದ. ಉರುಲು ಬಿಗಿಯಿತು. ಒದ್ದಾಡುತ್ತಾ ಅವನು ಗಂಟಲೊಳಗೇ ಅಂದ: "ಕೊಕ್ ಕೊಕ್."

ಆ ಗುಡ್ಡದ ಯಾವ ಗೌಜಲಕ್ಕೂ ಆ ಮಾತು ಬಾರದು. ಅದು ಹುಸೇನಮ್ಮನ ಹಿತ್ತಲಲ್ಲಿ ಕೆಂಪು ತಾಯಿ ನನಗೂ ಅಣ್ಣನಿಗೂ ಕಲಿಸಿದ ಮಾತು. ನಾನೂ "ಕೊಕ್ ಕೊಕ್" ಅಂದೆ. ಅಷ್ಟರಲ್ಲಿ ಪಾಲಯ್ಯನ ಒಡಕು ಹಿಮ್ಮಡಿಗಳು ನಮ್ಮ ನಡುವೆ ಬಂದು ನಿಂತವು.

ಮಾರನೆಯ ದಿನ ಬಟ್ಟೆ ಸರಿಸಿದಾಗ ಆಕಾಶ ಅಷ್ಟೇ ಅಗಲವಿತ್ತು, ಹೆದರಿಕೆಯೂ ಅಷ್ಟೇ ಇತ್ತು. ಕೂಗು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಮುದಿಯಾಯಿತು ಎಂದರು.

ಹಿರಿಯರ ಅಮಾವಾಸ್ಯೆ ಬಂತು. ಅಂದು ಮಧ್ಯಾಹ್ನ ಓಬಜ್ಜಿ ಬಾಗಿಲಲ್ಲಿ ಕೂತು ಚೂರಿಯನ್ನು ಕಲ್ಲಿಗೆ ಮಸೆಯುತ್ತಿದ್ದಳು. ಆ ಸದ್ದು ಯಾರಿಗಾಗಿ ಎಂದು ನನಗೆ ತಿಳಿಯಿತು.

"ಕೂಗದ ಹಕ್ಕಿಗೆ ಕಾಳು ಯಾಕೆ ದಂಡ? ಹಿರೀಕರ ಎಡೆಗೆ ಮಾಂಸ ಬೇಕು. ಕೊಂಡು ತರಂಗಿಲ್ಲ ಅಂತ ನಿಂದೇ ಹರಕೆ. ಕೊಯ್ಯಪ್ಪ ಅದನ್ನ."

"ಆರು ವರ್ಷ ನಮಗೆ ಉಣ್ಣಾಕಿಕ್ಕೈತಮ್ಮ ಅದು..."

"ಉಂಡೂ ಐತಲ್ಲ, ಮೂಟೆಗಟ್ಲೆ ನವಣೆ!"

ಪಾಲಯ್ಯ ಪಂಜರದ ಬಾಗಿಲು ತೆಗೆದ. ಅವನ ಹಸ್ತ ನನ್ನನ್ನು ಪೂರ್ತಿ ಮುಚ್ಚಿತು. ಬೆಚ್ಚಗಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕತ್ತು ಹಿಂದಕ್ಕೆ ಬಾಗಿತು. ಗಾದ್ರಮ್ಮ ಒಲೆಯ ಮುಂದಿಂದ ಎದ್ದು ಬಂದಳು. ಕಾಲುಂಗುರಗಳು ನನ್ನ ಕೆಳಗೆ ಬಂದು ನಿಂತವು.

"ಅದನ್ನ ಕೊಯ್ಯಂಗಿಲ್ಲ," ಎಂದಳು.

"ಯಾಕೇ?" ಎಂದಳು ಓಬಜ್ಜಿ.

ಹೇಳಿದರೆ ಅವಳಿಗೇನಾಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಲಕ್ಕೆ ಮೈಲಿಗೆ ತಂದ ಸೊಸೆಗೆ ಆ ಹೊಸ್ತಿಲು ಮತ್ತೆ ಸಿಕ್ಕೀತೆಂಬ ಭರವಸೆ ಇರಲಿಲ್ಲ.

"ಅದು ಕೋಳಿ ಕಾವಿಂದು. ಹುಸೇನಮ್ಮನ ಹೇಂಟೆ ಅಡೀಗಿಟ್ಟು ಮರಿ ಮಾಡ್ಸಿದ್ದು ನಾನೇ."

ಪಾಲಯ್ಯ ಕೆಂಡ ಮುಟ್ಟಿದವನಂತೆ ಕೈ ಬಿಟ್ಟ. ನಾನು ನೆಲಕ್ಕೆ ಬಿದ್ದೆ. ಓಬಜ್ಜಿಯ ಚೂರಿಯೂ ಬಿತ್ತು.

"ಅಯ್ಯೋ ನನ್ನಪ್ಪನೇ! ಆರು ವರ್ಷ ದೇವರ ಗೂಡಿನ ಬುಡದಾಗೆ ಕೋಳಿ ಮಗನ್ನ ಇಟ್ಕಂಡು ನಾನು ದಿನಾ ಕೈಮುಗುದೀನಾ?"

ಗಲಾಟೆ ಕೇಳಿ ಹುಸೇನಮ್ಮ ಬೇಲಿಯ ಮೇಲಿಂದ ಇಣುಕಿದಳು. "ಅಜ್ಜೀ, ಬ್ಯಾಡಂದ್ರೆ ಇತ್ಲಾಗೆ ಕೊಡ್ರಿ. ನಮ್ ಕೋಳಿ ಮಗ ಅಂದ್ರೆ ನಂಗೆ ಮೊಮ್ಮಗ ಆಗ್ಬೇಕು!"

ಯಾರೂ ನಗಲಿಲ್ಲ. ಪಾಲಯ್ಯ ಗೋಣಿತಾಟಿನಲ್ಲಿ ನನ್ನನ್ನು ಸುತ್ತಿ, ಮುಟ್ಟದೆ, ಬೇಲಿಯಾಚೆ ದಾಟಿಸಿದ. ಆ ಮನೆಯ ಗೋಡೆ, ನೆಲ, ಮಾಳಿಗೆ ಎಲ್ಲಕ್ಕೂ ಗಂಜಲ ಬಿತ್ತು. ಹಳೆಯ ಮಡಕೆಗಳನ್ನೆಲ್ಲ ಒಡೆದರು. ಗಾದ್ರಮ್ಮ ಒಂಬತ್ತು ದಿನ ಕೊಟ್ಟಿಗೆಯಲ್ಲಿ ಮಲಗಿದಳು, ಮುತ್ತುಗದ ಎಲೆಯಲ್ಲಿ ದೂರ ಕೂತು ಉಂಡಳು. ಹತ್ತನೆಯ ದಿನ ದೇವರ ಕಲ್ಲಿನ ಮುಂದೆ ತಲೆಗೆ ನೀರು ಹಾಕಿಸಿಕೊಂಡು ಒದ್ದೆ ಸೀರೆಯಲ್ಲಿ ನಿಂತಾಗ ಓಬಜ್ಜಿಯೇ ಬಂದು, "ಒಳಾಕೆ ಬಾ, ಎಮ್ಮೆ ನನ್ ಕೈಗೆ ಹಾಲು ಕೊಡವಲ್ದು," ಎಂದಳಂತೆ. ಆ ಅಮಾವಾಸ್ಯೆಯ ಎಡೆಗೆ ಹಿತ್ತಲ ಕುಂಬಳ, ಅವರೆಕಾಳು, ನವಣೆ ಅನ್ನ ಇಟ್ಟಿದ್ದರು. ಹಿರಿಯರು ಏನೂ ಅನ್ನಲಿಲ್ಲ. ಪಾಲಯ್ಯ ಉರುಲುಗಳನ್ನು ಸೂರಿಗೆ ಸಿಕ್ಕಿಸಿದ. ಈಗ ಮೊಲದ ಬಲೆ ಮಾತ್ರ ಅವನ ಹೆಗಲೇರುತ್ತದೆ.

ನಾನೀಗ ಹುಸೇನಮ್ಮನ ಹಿತ್ತಲ ಮೂಲೆಯಲ್ಲಿದ್ದೇನೆ. ಕೆಂಪು ತಾಯಿ ಎಂದೋ ಹೋದಳು. ಅವಳ ಮೊಮ್ಮಕ್ಕಳ ಜೊತೆ ಬುಟ್ಟಿಯಡಿ ಮಲಗುತ್ತೇನೆ. ಗಾದ್ರಮ್ಮ ಅವರೆ ಬಿಡಿಸಲು ಬೇಲಿಯ ಹತ್ತಿರ ಬಂದಾಗ ಅತ್ತಿತ್ತ ನೋಡಿ ಒಂದು ಹಿಡಿ ಗೆದ್ದಲುಮಣ್ಣು ಈಚೆ ಎಸೆಯುತ್ತಾಳೆ. ನಾನು ಕೆದರುತ್ತೇನೆ, ಥೇಟ್ ಕೋಳಿಯಂತೆ.

ಮುಂಜಾನೆ ಗುಡ್ಡದಿಂದ ಯಾರೋ ಒಬ್ಬ ಎಳೆಯ ಗಂಡು ಕೂಗುತ್ತಾನೆ. ಮೇಲೆ ಅದೇ ಆಕಾಶ. ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಕೊಕ್ಕು ಬಿಗಿದು, ದೇವರನ್ನು ನೆನೆದು, ಬುಟ್ಟಿಯ ನೆರಳಿಗೆ ಸರಿದು ಕೂರುತ್ತೇನೆ. ಹೆದರಿಕೆ ಹೋಗಿಲ್ಲ. ಆದರೆ ಈಗ ಅದು ನನ್ನೊಬ್ಬನದೇ. ಅದನ್ನು ಕೇಳಿ ಯಾರೂ ಓಡಿ ಬರುವುದಿಲ್ಲ.